ಮೇಡಂ ಅಗೆದ ಕೋಸಿನ ಪಾತಿ

ಜನವರಿ ೧೨, ಭಾನುವಾರ
ಹಿತ್ತಿಲ ಮೆಟ್ಟಿಲು

ಪ್ರೀತಿಯ ಪಿಟೀಲು,

ಹಾಗಾದರೆ ನಾಯಿ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡೋಣ ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ನಾನೂ ಹೂಂ ಎಂದೆ. ಫೋನಿಟ್ಟ ಮೇಲೆ ನೋಡಿದರೆ ಮಾತಾಡಲು ಬೇರೆ ಏನೂ ಇರಲಿಲ್ಲ. ಅದಕ್ಕೇ ಈ ಕಾಗದ. ತೊಟ್ಟಿಲಲ್ಲಿದ್ದಾಗಿಂದ ಪಿಟೀಲು ಕುಯ್ದವಳು ನೀನು. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ತೋಟದ ಸಮಾಚಾರ. ಮೂಲಂಗಿ ಬಲಿತು ಬೆಂಡಾಗಿದೆ. ಬಟಾಣಿ ಬಳ್ಳಿ ನಾನು ನೆಟ್ಟ ಕಡ್ಡಿ ಬಿಟ್ಟು ಪಕ್ಕದ ಮನೆಯ ಟೈಲರಣ್ಣನ ಬೇಲಿ ಹತ್ತಿದೆ. ಅವನು ದಿನಾ ಒಂದು ಹಿಡಿ ಕಾಯಿ ಬಿಡಿಸಿಕೊಂಡು, ಬಳ್ಳಿ ನಿಮ್ಮದೇ, ಅದಕ್ಕೆ ಮನೆ ಸೇರಿಲ್ಲ ಅಷ್ಟೇ ಎನ್ನುತ್ತಾನೆ. ಕ್ಯಾರೆಟ್ಟು ಪರವಾಗಿಲ್ಲ. ಕೋಸಿನ ಪಾತಿ ಮಾತ್ರ ಹಲ್ಲುದುರಿದ ಬಾಯಿಯ ಹಾಗಿದೆ. ನೆಟ್ಟ ಇಪ್ಪತ್ತರಲ್ಲಿ ಉಳಿದದ್ದು ಏಳು.

ಮೇಡಂ ಕಿತ್ತಳು ಎಂದು ನೀನೂ ಹೇಳಿದೆ, ನಾನೂ ನಂಬಿದೆ. ನಿಮ್ಮಮ್ಮ ಆ ನಾಯಿಗೆ ಮೇಡಂ ಎಂದು ಹೆಸರಿಟ್ಟದ್ದೇ ಅದರ ನಡಿಗೆ ನೋಡಿ. ಪಾತಿಗಳ ನಡುವೆ ಹಲಗೆ ಹಾಸಿ, ಹಲಗೆಯ ಮೇಲೆಯೇ ಓಡಾಡುವುದನ್ನು ಕಲಿಸಿದ್ದಳು. ಆರು ಚಳಿಗಾಲ ಕಳೆದರೂ ಮೇಡಂ ಪಾತಿಯ ಮಣ್ಣಿಗೆ ಕಾಲಿಟ್ಟವಳಲ್ಲ. ನಿಮ್ಮಮ್ಮ ಹೋದ ಮೇಲೂ ಅಷ್ಟೇ, ನಾನು ನೀರು ಹಾಕುವಾಗ ಹಲಗೆಯ ತುದಿಯಲ್ಲಿ ಕೂತು, ನನ್ನ ಕಾಲು ತಪ್ಪಿ ಪಾತಿಗೆ ಬಿದ್ದರೆ ನನ್ನನ್ನೇ ಗುರಾಯಿಸುತ್ತಿದ್ದಳು. ಅಂಥವಳು ಒಂದೇ ತಿಂಗಳಲ್ಲಿ ಮೂರು ಸಲ ಅಗೆದು, ಎಳೆ ಕೋಸುಗಳನ್ನು ಬೇರು ಮೇಲೆ ಮಾಡಿ ಹಾಕಿದಳು. ಬೇರೆ ಯಾವ ಪಾತಿಯನ್ನೂ ಮುಟ್ಟಲಿಲ್ಲ, ಅದನ್ನಾದರೂ ನಾನು ಗಮನಿಸಬೇಕಿತ್ತು. ಕಾಲೇಜಿನಲ್ಲಿ ಲಾಜಿಕ್ ಮೇಷ್ಟ್ರು 'ಕಾಸ್ ಅಂಡ್ ಎಫೆಕ್ಟ್' ಎಂದು ಮೇಜು ಕುಟ್ಟಿ ಕುಟ್ಟಿ ಹೇಳುತ್ತಿದ್ದರು. ಅದರ ಮುಂದಿನ ವಾಕ್ಯ ಈಗ ನೆನಪಿಲ್ಲ, ಏನೋ 'ದೇರ್‌ಫೋರ್' ಎಂದು ಶುರುವಾಗುತ್ತಿತ್ತು.

ವಯಸ್ಸಾಯ್ತಪ್ಪ ಅವಳಿಗೆ, ಬುದ್ಧಿ ಮಂಕಾಗಿದೆ ಎಂದೆ ನೀನು. ಮೂರನೇ ಸಲ ನಾನು ಗದರಿಸಿದೆ, ಅಷ್ಟೇ, ಮತ್ತೇನಿಲ್ಲ. ಎಲ್ಲಿಗಾದರೂ ಸಾಗಿಸು ಎಂದು ನಿನಗೆ ಫೋನ್ ಮಾಡಿದೆ. ಮಾರನೆಯ ದಿನವೇ ಗಾಡಿ ಬಂತು. ಎಣ್ಣೆ ಮಿಲ್ಲಿನ ಕಾವಲುಗಾರ ಇಟ್ಟುಕೊಳ್ಳಲು ಒಪ್ಪಿಯೂ ಆಗಿತ್ತು. ನಿನ್ನ ಮನೆಯ ಸೋರುವ ನಲ್ಲಿಗೆ ಜನ ಸಿಗಲು ಮೂರು ವಾರ ಬೇಕಾಯಿತು, ನೆನಪಿದೆಯಾ? ನಾಯಿ ಸಾಗಿಸಲು ಒಂದು ದಿನ ಸಾಕಾಯಿತು. ಆಗಲೂ ನನಗೆ ಹೊಳೆಯಲಿಲ್ಲ. ಮೂವತ್ತೊಂದು ವರ್ಷ ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷಿಸಿದವನು ನಾನು. ತಟ್ಟೆಯ ಅಡಿಗೆ ಅಂಟಿಸಿದ ಮೇಣವನ್ನು ಬೆರಳಲ್ಲಿ ಸವರಿಯೇ ಹಿಡಿಯುತ್ತಿದ್ದೆ.

ಮೊನ್ನೆ ಗುರುವಾರ ಪಾಲಕ್ ಬೀಜಕ್ಕೆಂದು ನರ್ಸರಿಗೆ ಹೋದೆ. ನರ್ಸರಿಯವನು ಕೈಯ ಮಣ್ಣು ಒರೆಸಿಕೊಳ್ಳುತ್ತಾ, ಈ ಸಲ ಕೋಸು ಹೇಗೆ ಬಂತು ಎಂದು ವಿಚಾರಿಸಿದ. ನಾಯಿ ಎಲ್ಲ ಅಗೆದು ಹಾಕಿತು ಎಂದೆ. ಅವನ ಮುಖ ಚಿಕ್ಕದಾಯಿತು.

"ನಾನು ಮೊದ್ಲೇ ಹೇಳಿದ್ದೆ ಯಜಮಾನ್ರೇ. ಮೂಳೆಪುಡಿ ಗೊಬ್ಬರ ಹಾಕಿದ್ರೆ ನಾಯಿ ಅಗೀದೆ ಬಿಡಲ್ಲ, ನಾಯಿ ಇರೋ ಮನೆಗೆ ಬೇಡ ಅಂತ. ನಿಮ್ಮ ಮಗಳು 'ಗೊತ್ತು, ಕೊಡಿ' ಅಂದ್ರು. ಮೂರು ಸಲ ತಗೊಂಡು ಹೋದ್ರು."

ಮನೆಗೆ ಬಂದು ಪಾತಿ ಕೆದಕಿದೆ. ಗೇಣು ಆಳದಲ್ಲಿ ಬೆಳ್ಳನೆಯ ಪುಡಿ. ಮೂಗಿಗೆ ಹಿಡಿದರೆ ನನಗೇ ವಾಸನೆ ಬಂತು, ಅವಳಿಗೆ ಇನ್ನೆಷ್ಟು ಬಡಿದಿರಬೇಕು ಪಾಪ. ಭಾನುವಾರ ನೀನು ಬಂದಾಗಲೆಲ್ಲ, ನೀನು ಸ್ವಲ್ಪ ಮಲಗಪ್ಪ, ಗಿಡ ನಾನು ನೋಡ್ಕೋತೀನಿ ಎನ್ನುತ್ತಿದ್ದೆ. ಮಗಳಿಗೆ ಅವಳಮ್ಮನ ಕೈಗುಣವೇ ಬಂದಿದೆ ಎಂದು ಟೈಲರಣ್ಣನ ಮುಂದೆ ಜಂಬ ಕೊಚ್ಚಿದ್ದೆ ನಾನು.

ಯಾಕೆ ಎಂದು ಕೇಳುವುದಿಲ್ಲ. ಮಳೆಗಾಲದಲ್ಲಿ ಮೇಡಂಗೆ ಕಟ್ಟಿದ ಹಗ್ಗ ಕಾಲಿಗೆ ಸುತ್ತಿಕೊಂಡು ನಾನು ಬಿದ್ದು ಮಣಿಕಟ್ಟು ಮುರಿದುಕೊಂಡದ್ದು, ನೀನು ಹದಿನೈದು ದಿನ ರಜ ಹಾಕಿ ಬಂದು ನನ್ನ ಅಂಗಿಯ ಗುಂಡಿ ಹಾಕಿದ್ದು ಮರೆತಿಲ್ಲ. ನಿನ್ನ ಭಯ ಸುಳ್ಳಲ್ಲ. ಆದರೆ ನಾಯಿ ಬೇಡ ಎಂದು ನನ್ನೆದುರೇ ಹೇಳಿದ್ದರೆ ಕೂಗಾಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಯಾವುದೋ ಒಂದಕ್ಕೆ ಒಪ್ಪುತ್ತಿದ್ದೆ. ಆ ಜಗಳವನ್ನೂ ನೀನು ನನಗೆ ಕೊಡಲಿಲ್ಲ. ಅವಳನ್ನು ಸಾಗಿಸು ಎನ್ನುವ ಮಾತನ್ನು ನನ್ನ ಬಾಯಿಂದಲೇ ಹೊರಡಿಸಿದೆ.

ಇರಲಿ. ಶುಕ್ರವಾರ ಮಿಲ್ಲಿಗೆ ಹೋಗಿ ಅವಳನ್ನು ಕರೆತಂದೆ. ಗೇಟಿನಲ್ಲಿ ನನ್ನನ್ನು ಕಂಡವಳೇ ಓಡಿ ಬಂದಳು. ಈಗ ಮೆಟ್ಟಿಲ ಕೆಳಗೆ ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ, ಮುಂದಿನ ಭಾನುವಾರ ನೀನು ಬರುವುದು ಬೇಡ. ಇನ್ನೂ ಬರೆಯುವುದಿತ್ತು, ಆ ಪಾಲಕ್ ಬೀಜದ್ದೇ ಒಂದು ಕಥೆಯಿದೆ, ಆದರೆ ಬೆಳಕು ಇಳಿಯುತ್ತಿದೆ, ಅಕ್ಷರಗಳು ಸಾಲು ಬಿಟ್ಟು ಹೋಗುತ್ತಿವೆ.

ಯುವರ್ಸ್ ಫೇತ್‌ಫುಲಿ, ಮಗಳಿಗೆ ಬರೆಯುವುದು ಬೇರೆ ಒಂದಿತ್ತು, ನೆನಪಾಗುತ್ತಿಲ್ಲ,

ಅಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಮೇಡಂ ಇಲ್ಲಿಲ್ಲ. ಮಿಲ್ಲಿಗೆ ಹೋದದ್ದು ನಿಜ, ಅವಳು ಓಡಿ ಬಂದದ್ದೂ ನಿಜ, ಆದರೆ ಅರ್ಧ ದಾರಿ ಮಾತ್ರ. ಗೇಟಿನ ಚಿಲಕ ತೆಗೆಯಲು ನಾನು ಕೈ ಎತ್ತಿದೆ. ಅವಳು ಅಲ್ಲೇ ಕಣ್ಣು ಮುಚ್ಚಿ ನೆಲಕ್ಕೆ ಅಂಟಿಬಿಟ್ಟಳು. ಅಗೆದ ಆ ಮೂರನೇ ಸಲ ಬರೀ ಗದರಿಸಿದೆ ಎಂದು ಬರೆದಿದ್ದೇನೆ. ಗುದ್ದಲಿಯ ಕಾವಿನಿಂದ ಹೊಡೆದೆ. ಒಂದೇ ಏಟಲ್ಲ. ಅದನ್ನು ನೀನು ಮಾಡಿಸಲಿಲ್ಲ. ನೀನು ಪ್ರತಿ ಬುಧವಾರ ಅಲ್ಲಿಗೆ ಹೋಗಿ ಅವಳ ಹತ್ತಿರ ಕೂರುತ್ತೀಯಂತೆ, ಕಾವಲುಗಾರ ಹೇಳಿದ. ಭಾನುವಾರ ಬರಬೇಡ ಎಂದದ್ದನ್ನು ಹೊಡೆದು ಹಾಕು. ಬಾ, ಬರುವಾಗ ಅವಳನ್ನು ನೀನೇ ಕರೆದುಕೊಂಡು ಬಾ. ನನ್ನ ಜೊತೆ ಅವಳು ಬರುವುದಿಲ್ಲ.