ಕ್ಯಾಪ್ಟನ್ ಕೇಳಿದ ಕ್ಷಮೆ

ಮನೆ, ಎರಡನೇ ಮಹಡಿ
ಬುಧವಾರ, ಜುಲೈ ೯

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೂತು ಕೂತು ಬರೆಯುವವರಿಗೆ ಅದು ತಪ್ಪಿದ್ದಲ್ಲ, ನಡುನಡುವೆ ಎದ್ದು ಓಡಾಡು. ನಾನು ಚೆನ್ನಾಗಿದ್ದೇನೆ. ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ನನ್ನ ಕಣ್ಣೇ ಮಂಜಾಗುತ್ತಿದೆ ಎಂದರೆ ಮಾಲೀಕ ನಗುತ್ತಾನೆ. ಅಪ್ಪನ ಬಲಗಾಲು ಹಾಗೇ ಇದೆ. ಹಿಡಿದೆತ್ತದೆ ಕುರ್ಚಿಯಿಂದ ಏಳಲಾರರು. ಬಾಯಿಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ.

ನೀನು ಬರೆಯುವ ಧಾರಾವಾಹಿಯನ್ನು ಇಬ್ಬರೂ ತಪ್ಪದೆ ನೋಡುತ್ತೇವೆ. ಮೊದಲ ಕಂತಿನಲ್ಲಿ ಆ ಆಕಾಶನೌಕೆಯ ಕ್ಯಾಪ್ಟನ್ ಕೆಲಸದವರನ್ನು ಸಾಲಾಗಿ ನಿಲ್ಲಿಸಿ, ಉಗುರಿನಿಂದ ಕೈಗಡಿಯಾರದ ಗಾಜು ಕುಟ್ಟಿದಾಗಲೇ ಗೊತ್ತಾಯಿತು, ಇವರು ಬಸ್ ಡಿಪೋದಲ್ಲಿ ಮೇಲ್ವಿಚಾರಕರಾಗಿದ್ದ ನಮ್ಮಪ್ಪನೇ ಎಂದು. ಅಪ್ಪನಿಗೂ ಗೊತ್ತಾಯಿತು, ಬೀಗಿದರು. ಪತ್ರಿಕೆಯವರು ಪಾತ್ರದ ಬೆಳವಣಿಗೆ ಎಂದು ನಿನ್ನನ್ನು ಹೊಗಳಿದ್ದಾರೆ. ಕಲ್ಲೆದೆಯ ಮನುಷ್ಯ ಮೂರು ವರ್ಷದಲ್ಲಿ ಕರಗಿದ ರೀತಿ ಅದ್ಭುತವಂತೆ. ಇರಬಹುದು. ಇಲ್ಲಿರುವವರು ಇವತ್ತು ಬೆಳಿಗ್ಗೆಯೂ ಚಹಾ ಆರಿದೆ ಎಂದು ಲೋಟ ತಳ್ಳಿದರು.

ಹೋದ ವಾರದ ಕಂತಿನ ಬಗ್ಗೆ ಹೇಳಬೇಕು. ಮಗಳು ಮಾತು ಮೀರಿ ಬೇರೆ ನೌಕೆಯಲ್ಲಿ ಕೆಲಸಕ್ಕೆ ಸೇರಿದಳೆಂದು, ರಜೆಗೆ ಬಂದವಳ ಮುಖದ ಮೇಲೆಯೇ ಕ್ಯಾಪ್ಟನ್ ಬಾಗಿಲು ಹಾಕಿಸುತ್ತಾನೆ. ನನ್ನದೇ ಕಥೆ, ಆಗ ನಾನು ಸೇರಿದ್ದ ಪರವೂರಿನ ಕನ್ನಡಕದಂಗಡಿಯ ಬದಲು ನೌಕೆ ಇಟ್ಟಿದ್ದೀಯ. ವರ್ಷಗಳ ಮೇಲೆ ಅವನು ಅವಳೆದುರು ಮಂಡಿಯೂರಿ "ತಪ್ಪಾಯ್ತು ಮಗಳೇ" ಎಂದು ಅಳುತ್ತಾನೆ. ನಾನು ಅಳಲಿಲ್ಲ. ಅಪ್ಪ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, "ಆಯ್ತಲ್ಲ, ಇನ್ನಾದ್ರೂ ಆ ಮುಖ ಸ್ವಲ್ಪ ಸಡಿಲ ಮಾಡು" ಎಂದರು. ಅವರ ಮಟ್ಟಿಗೆ ಮುಗಿಯಿತು. ಊರೆಲ್ಲ ನೋಡಿದೆಯಂತೆ, ಮತ್ತೆ ಬಾಯಿಬಿಟ್ಟು ಹೇಳುವುದೇನಿದೆ? ಅಮ್ಮ ಹೋದ ಮೇಲೆ ನಾನು ಈ ಮನೆಗೆ ಮರಳಿ ಬಂದು ಅವರ ಕಾಲು ಒತ್ತುತ್ತಾ ಕೂತದ್ದೇ ಆ ಒಂದು ಮಾತು ಅವರ ಬಾಯಿಂದ ಬಂದೀತು ಎಂದು, ಪುಟ್ಟಾ. ನೀನು ಅದನ್ನು ಯಾವನೋ ನಟನ ಬಾಯಿಗೆ ಹಾಕಿಬಿಟ್ಟೆ.

ಅದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಬಾಗಿಲು ಮುಚ್ಚಿದ ಆ ದಿನ ಕ್ಯಾಪ್ಟನ್ನಿನ ಮಗ, ಆ ಚುರುಕು ಮೆಕ್ಯಾನಿಕ್, ಅಪ್ಪನ ಕಣ್ಣು ತಪ್ಪಿಸಿ ಹಿಂಬಾಗಿಲು ತೆರೆದು ಅಕ್ಕನನ್ನು ಒಳಗೆ ಬಿಡುತ್ತಾನೆ. ನಮ್ಮ ಜೊತೆ ನೋಡುತ್ತಿದ್ದ ಪಕ್ಕದ ಮನೆಯ ಟೈಲರಮ್ಮ, ತಮ್ಮ ಅಂದ್ರೆ ಹೀಗಿರಬೇಕು ಎಂದಳು. ನಾನು ಹೂಂ ಎಂದೆ. ನಿಜವಾದ ಆ ಸಂಜೆ ನಾನು ಸೂಟ್‌ಕೇಸ್ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾಗ ಕಿಟಕಿಯ ಪರದೆ ಸರಿಸಿ ನೋಡಿದವನು ನೀನು. ಇಪ್ಪತ್ತೆರಡು ತುಂಬಿದ ಗಂಡಸು, ಚಿಲಕ ನಿನ್ನ ಕೈಯಳತೆಯಲ್ಲೇ ಇತ್ತು. ಮತ್ತೆ ಪರದೆ ಎಳೆದೆ. ಪಾತ್ರವನ್ನು ಬೆಳೆಸುವುದು ಎಷ್ಟು ಸಲೀಸು ನೋಡು.

ನಿನ್ನ ಮೇಲೆ ಮುನಿಸಿಲ್ಲ ಎಂದು ಬರೆಯಲು ಹೊರಟೆ. ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗುವಿಗೊಂದು ಮುತ್ತು. ಎಲ್ಲರೂ ಸುಖವಾಗಿರಿ, ಇದನ್ನು ಮನಸಾರೆಯೇ ಹೇಳುತ್ತಿದ್ದೇನೆ.

ನಿನ್ನ ಅಕ್ಕ

ಮರೆತಿದ್ದೆ, ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು: ಬೇರೆ ಊರಿನ ದೊಡ್ಡ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಹತ್ತೊಂಬತ್ತರ ಬೆಳಿಗ್ಗೆ ಹೊರಡುತ್ತೇನೆ, ಮರಳಿ ಬರುವುದಿಲ್ಲ. ಕೀಲಿ ಟೈಲರಮ್ಮನ ಹತ್ತಿರ ಇರುತ್ತದೆ. ಅಪ್ಪ ಎದ್ದು ಬಾಗಿಲು ತೆಗೆಯಲಾರರು. ಈ ಸಲ ನೀನೇ ತೆಗೆಯಬೇಕು.