ಕಡಲೆಕಾಯಿ ನೆಲದ ಮೇಲೆ ಬೆಳೆದದ್ದಕ್ಕೆ ಮೂವತ್ತೊಂದು ಅಪರಾಧಿಗಳು

ಸಾಮಾನ್ಯ ವಿಜ್ಞಾನ ತಿಳಿವಳಿಕೆ ಪರೀಕ್ಷೆಯ ಉತ್ತರ ಸೂಚಿಯನ್ನು ಎದೆಗವಚಿಕೊಂಡು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಎಂಟನೇ ತರಗತಿಯ ಮೂವತ್ತೊಂದು ಮಕ್ಕಳನ್ನು ತಾವು ಸಾಮೂಹಿಕ ನಕಲಿನ ಅಪರಾಧಿಗಳೆಂದು ತೀರ್ಮಾನಿಸಿದ್ದೀರಿ. ಅವರ ಫಲಿತಾಂಶ ತಡೆಹಿಡಿದಿದ್ದೀರಿ. ವಿಜ್ಞಾನ ಕಲಿಸಿದ ಚೌಡಣ್ಣ ಮೇಷ್ಟ್ರಿಗೆ ನೋಟೀಸು ಕೊಟ್ಟಿದ್ದೀರಿ. ಇಷ್ಟಕ್ಕೂ ಕಾರಣ ಎರಡು ಅಂಕದ ಒಂದೇ ಒಂದು ಪ್ರಶ್ನೆ. ಆ ಪ್ರಶ್ನೆಗೆ ಮಕ್ಕಳು ಬರೆದ ಉತ್ತರ ಸರಿಯಾಗಿತ್ತು, ತಪ್ಪಿದ್ದು ಪ್ರಶ್ನೆಯಲ್ಲಿ. ಇದನ್ನು ಮೂರು ಸಲ ಬರೆದು ತಿಳಿಸಿದ್ದೇವೆ. ತಮ್ಮ ಕಚೇರಿಗೆ ಓದುವ ಪುರುಸೊತ್ತು ಸಿಕ್ಕಂತಿಲ್ಲ. ಹಾಗಾಗಿ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಪುರುಸೊತ್ತಿರುವವರೆಲ್ಲ ಓದಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಮೇಷ್ಟ್ರಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಿಂದ ತುಸು ಒಳಗೆ ಸರಿದಿರುವ ಊರಿನಲ್ಲಿ ಇಪ್ಪತ್ತಾರು ವರ್ಷದಿಂದ ಕಾಳುಕಡಿ ಕೊಂಡು ಮಾರುತ್ತಿರುವವನು. ಆದರೂ ಈ ಒಂದು ವಿಷಯದಲ್ಲಿ ನನಗೆ ತಮಗಿಂತ ಹೆಚ್ಚು ಗೊತ್ತು ಎಂದು ಹೇಳಲು ಸಂಕೋಚವಿಲ್ಲ. ಕೂಡ್ಲಿಗಿ ಕಡೆಯ ಕೆಂಪು ನೆಲದಲ್ಲಿ ಬೆಳೆಯುವುದು ಶೇಂಗಾ. ಗಿಡ ಹಿಡಿದು ಕಿತ್ತರೆ ಮಣ್ಣಿನ ಸಮೇತ ಕಾಯಿ ಮೇಲೆ ಬರುತ್ತವೆ. ನಮ್ಮ ಕಪ್ಪು ಎರೆ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವುದು ಕಡ್ಲಿ, ಎಂದರೆ ತಾವು ಬೇಳೆ ಮಾಡಿ ಹೋಳಿಗೆಗೆ ಹಾಕುವ ಕಡಲೆ. ಅದರ ಕಾಯಿ ಟೊಂಗೆಯಲ್ಲಿ, ಎಲೆಯ ಸಂದಿಯಲ್ಲಿ ಬಿಡುತ್ತದೆ. ಕಡ್ಲಿಯ ಗಿಡದಲ್ಲಿ ಬಿಡುವ ಕಾಯಿಗೆ ನಾವು ಕಡ್ಲಿಕಾಯಿ ಎನ್ನುತ್ತೇವೆ. ಇದಕ್ಕಿಂತ ಸರಳವಾದ ಕನ್ನಡ ಇನ್ನೇನಿದ್ದೀತು?

ತುಮಕೂರು, ಬೆಂಗಳೂರು ಕಡೆಯವರು ಶೇಂಗಾವನ್ನೇ ಕಡಲೆಕಾಯಿ ಎನ್ನುತ್ತಾರೆಂಬುದು ನನಗೆ ತಿಳಿದದ್ದು ಮೂವತ್ತು ವಯಸ್ಸು ದಾಟಿದ ಮೇಲೆ. ತುಮಕೂರಿನ ವ್ಯಾಪಾರಿಯೊಬ್ಬರು ಫೋನ್ ಮಾಡಿ ಒಂದು ಲಾರಿ ಕಡಲೆಕಾಯಿ ಕಳಿಸಿ ಎಂದರು. ಸುಲಿಯದ ಹಸಿ ಕಡ್ಲಿಯನ್ನು ಇವರು ಲಾರಿಗಟ್ಟಲೆ ಏನು ಮಾಡುತ್ತಾರಪ್ಪ ಎಂದುಕೊಂಡು, ಕಾಯಿ ಎಂದದ್ದು ಬಾಯಿ ತಪ್ಪಿರಬೇಕೆಂದು ಒಣ ಕಡ್ಲಿ ತುಂಬಿ ಕಳಿಸಿಬಿಟ್ಟೆ. ಆ ಮನುಷ್ಯ ನನ್ನನ್ನು ಕಿವಿ ತೂತಾಗುವಂತೆ ಬೈದರು. ಆದರೆ ಕಳ್ಳ ಎನ್ನಲಿಲ್ಲ. ಎರಡು ಊರಿನಲ್ಲಿ ಒಂದು ಪದಕ್ಕೆ ಎರಡು ಅರ್ಥ ಎಂಬುದು ಅವರಿಗೆ ಐದು ನಿಮಿಷದಲ್ಲಿ ಹೊಳೆಯಿತು. ತಮ್ಮ ಇಲಾಖೆಗೆ ಎರಡು ತಿಂಗಳಾದರೂ ಹೊಳೆದಿಲ್ಲ.

ಈಗ ತಮ್ಮ ಹದಿನೇಳನೇ ಪ್ರಶ್ನೆಗೆ ಬರುತ್ತೇನೆ. "ಕಡಲೆಕಾಯಿಗಳು ಗಿಡದ ಯಾವ ಭಾಗದಲ್ಲಿ, ಎಲ್ಲಿ ಬೆಳೆಯುತ್ತವೆ?" ಪರೀಕ್ಷೆ ನಡೆದದ್ದು ಈ ವರ್ಷದ, ಅಂದರೆ ಎರಡು ಸಾವಿರದ ಎರಡರ ಜನವರಿಯಲ್ಲಿ. ಶಾಲೆಯ ಹಿಂದಿನ ಹೊಲದಲ್ಲಿ ಕಡ್ಲಿ ಕಾಯಿಗಟ್ಟಿ ನಿಂತಿತ್ತು. ಮಕ್ಕಳು ದಾರಿಯುದ್ದಕ್ಕೂ ಅದನ್ನೇ ಸುಲಿದು ತಿನ್ನುತ್ತ ಪರೀಕ್ಷೆಗೆ ಬಂದಿದ್ದರು. ಮೂವತ್ತೆರಡು ಮಕ್ಕಳಲ್ಲಿ ಮೂವತ್ತೊಂದು ಮಂದಿ "ನೆಲದ ಮೇಲೆ, ಟೊಂಗೆಯಲ್ಲಿ" ಎಂದು ಬರೆದರು. ಒಬ್ಬಳು ಮಾತ್ರ "ಮಣ್ಣಿನೊಳಗೆ" ಎಂದು ಬರೆದಳು. ತಮ್ಮ ಉತ್ತರ ಸೂಚಿ ಮಣ್ಣಿನೊಳಗೆ ಎನ್ನುತ್ತದೆ. ಇಷ್ಟು ಮಕ್ಕಳು ಒಂದೇ ತಪ್ಪನ್ನು ಮಾಡಬೇಕಾದರೆ ಮೇಷ್ಟ್ರು ಹೇಳಿಕೊಟ್ಟು ಬರೆಸಿರಬೇಕು ಎಂದು ತಾವು ನಿರ್ಧರಿಸಿದಿರಿ. ಹೇಳಿಕೊಡುವ ಮೇಷ್ಟ್ರು ತಪ್ಪು ಉತ್ತರವನ್ನೇ ಏಕೆ ಹೇಳಿಕೊಡುತ್ತಾರೆ ಎಂದು ಯಾರೂ ಕೇಳಿಕೊಳ್ಳಲಿಲ್ಲವೇ? ಅದೇ ಪತ್ರಿಕೆಯಲ್ಲಿ ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಮೂವತ್ತೆರಡೂ ಮಕ್ಕಳು ಬರೆದಿದ್ದಾರೆ. ಅದು ನಕಲಲ್ಲವೇ? ನೆಲಗಡಲೆ ಎಂಬ ಪುಸ್ತಕದ ಮಾತನ್ನಾದರೂ ಬಳಸಿದ್ದರೆ ನಮ್ಮ ಮಕ್ಕಳು ಕಣ್ಣು ಮುಚ್ಚಿ ಮಣ್ಣಿನೊಳಗೆ ಎನ್ನುತ್ತಿದ್ದರು. ಪರೀಕ್ಷಾ ಕೊಠಡಿಯಲ್ಲಿ ಕಾವಲಿಗಿದ್ದವರು ಹೊರಗಿನ ಶಾಲೆಯವರು. ಯಾವ ಅಕ್ರಮವೂ ನಡೆದಿಲ್ಲ ಎಂದು ಅವರೇ ಬರೆದುಕೊಟ್ಟಿದ್ದಾರೆ. ಆ ಹಾಳೆ ತಮ್ಮ ಕಡತದಲ್ಲಿದೆ. ತೆಗೆದು ನೋಡುವ ಕೃಪೆ ಮಾಡಿ.

ಮಾರ್ಚ್ ನಾಲ್ಕರಂದು ತಮ್ಮ ವಿಚಾರಣಾಧಿಕಾರಿ ಬಂದರು. ಶಾಲಾ ಸಮಿತಿಯ ಸದಸ್ಯನೆಂದು ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಅವರು ಮೊದಲು ಎಬ್ಬಿಸಿದ್ದು ಸುಜಾತಾ ಎಂಬ ಹುಡುಗಿಯನ್ನು. ನನ್ನ ಅಂಗಡಿಯಲ್ಲಿ ಕಾಳು ಕೇರಿ ಹಸನು ಮಾಡುವ ಜಂಬಕ್ಕನ ಮಗಳು. ಅಧಿಕಾರಿ ತಂದು ತೋರಿಸಿದ ಉತ್ತರ ಪತ್ರಿಕೆಗಳ ಪ್ರಕಾರ ಐವತ್ತಕ್ಕೆ ನಲವತ್ತಾರು ತೆಗೆದವಳು.

"ಕಡಲೆಕಾಯಿ ಎಲ್ಲಿ ಬೆಳೆಯುತ್ತಮ್ಮಾ?"

"ಟೊಂಗ್ಯಾಗ್ರಿ ಸರ್, ಎಲಿ ಸಂದ್ಯಾಗ."

"ಯಾರು ಹೇಳಿಕೊಟ್ಟರು?"

"ಯಾರೂ ಹೇಳಿಲ್ರಿ. ತಿಂದೀವ್ರಿ."

ಮಕ್ಕಳು ನಕ್ಕರು. ಅಧಿಕಾರಿ ನಗಲಿಲ್ಲ. ಆಮೇಲೆ ಮಣ್ಣಿನೊಳಗೆ ಎಂದು ಬರೆದಿದ್ದ ಅರ್ಚನಾಳನ್ನು ಮುಂದೆ ಕರೆದು, ತಲೆ ಸವರಿ, ಇಡೀ ತರಗತಿಯಲ್ಲಿ ಪ್ರಾಮಾಣಿಕಳು ಇವಳೊಬ್ಬಳೇ ಎಂದರು. ಅರ್ಚನಾ ನಮ್ಮೂರಿನ ಆಸ್ಪತ್ರೆಯ ನರ್ಸಮ್ಮನ ಮಗಳು. ವರ್ಗವಾಗಿ ತುಮಕೂರಿನ ಕಡೆಯಿಂದ ಬಂದವರು. ಆ ಮಗು ನಿಂತಲ್ಲೇ ಹೇಳಿತು: "ಸಾರ್, ನಮ್ಮೂರಲ್ಲಿ ಶೇಂಗಾಗೇ ಕಡ್ಲೆಕಾಯಿ ಅಂತಾರೆ. ಇವ್ರಿಗೆ ಅದು ಗೊತ್ತಿಲ್ಲ ಸಾರ್, ಅಷ್ಟೇ." ಇಡೀ ಪ್ರಕರಣದ ಇತ್ಯರ್ಥ ಅಲ್ಲೇ ಆಗಬೇಕಿತ್ತು. ಹದಿಮೂರು ವರ್ಷದ ಮಗು ತೀರ್ಪನ್ನು ಕೈಗೇ ಕೊಟ್ಟಿತ್ತು. ತಮ್ಮ ಅಧಿಕಾರಿ ಏನೆಂದರು ಗೊತ್ತೇ? "ನೋಡಿ, ಒಬ್ಬಳಿಗಾದರೂ ಗೊತ್ತಿದೆಯಲ್ಲ!" ಅರ್ಚನಾ ಅಳುತ್ತ ಹೋಗಿ ಕುಳಿತಳು.

ಚೌಡಣ್ಣ ಮೇಷ್ಟ್ರ ವಿಷಯವನ್ನೂ ಹೇಳಬೇಕು. ಡಿಸೆಂಬರಿನಲ್ಲಿ ಅವರು ಮಕ್ಕಳನ್ನು ಬೆಳಗಿನ ಮಂಜಿನಲ್ಲೇ ದೊಡ್ಡಬೀರಪ್ಪನ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ಕಡ್ಲಿ ಗಿಡದ ಮೇಲಿನ ಇಬ್ಬನಿ ಹುಳಿಯಾಗಿರುತ್ತದೆ. ನಮ್ಮ ಹೆಂಗಸರು ಅದರ ಮೇಲೆ ಬಟ್ಟೆ ಹಾಸಿ, ಹಿಂಡಿ, ಹೊಟ್ಟೆನೋವಿಗೆ ಇಟ್ಟುಕೊಳ್ಳುವುದುಂಟು. ಮೇಷ್ಟ್ರು ಆ ಹನಿಗೆ ನೀಲಿ ಲಿಟ್ಮಸ್ ಕಾಗದ ತಾಗಿಸಿದರು. ಅದು ಕೆಂಪಾಯಿತು. ಮಕ್ಕಳು ಹೋ ಎಂದು ಕೂಗಿದ್ದು ರಸ್ತೆಯಲ್ಲಿದ್ದ ನನಗೂ ಕೇಳಿಸಿತ್ತು. ಪರೀಕ್ಷೆಯಲ್ಲಿ ಆಮ್ಲಕ್ಕೆ ಎರಡು ಉದಾಹರಣೆ ಕೇಳಿದಾಗ ಸುಜಾತಾ ನಿಂಬೆಹಣ್ಣು, ಕಡ್ಲಿ ಗಿಡದ ಇಬ್ಬನಿ ಎಂದು ಬರೆದಳು. ಇಬ್ಬನಿಯ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿದೆ. ಕಣ್ಣಾರೆ ಕಂಡು ಕಲಿತದ್ದು ತಪ್ಪು, ಸೂಚಿಯಲ್ಲಿ ಅಚ್ಚಾದದ್ದು ಸರಿ ಎಂದಾದರೆ ಇದಕ್ಕೆ ವಿಜ್ಞಾನ ಪರೀಕ್ಷೆ ಎಂಬ ಹೆಸರೇಕೆ? ಕಂಠಪಾಠದ ಪರೀಕ್ಷೆ ಎನ್ನಿ, ನಾವು ಸುಮ್ಮನಿರುತ್ತೇವೆ.

ಮೇಷ್ಟ್ರು ನೋಟೀಸಿಗೆ ಸಮಜಾಯಿಷಿ ಬರೆದರು. ಶಾಲಾ ಸಮಿತಿ ಒಂದು ಮನವಿ ಕೊಟ್ಟಿತು. ನಾನೊಂದು ಕಾಗದ ಬರೆದೆ. ಮೂರಕ್ಕೂ ತಮ್ಮಿಂದ ಉತ್ತರ ಬಂತು: "ಉತ್ತರ ಸೂಚಿಯೇ ಅಂತಿಮವಾಗಿದ್ದು, ಈ ಕುರಿತು ಯಾವುದೇ ಪತ್ರವ್ಯವಹಾರಕ್ಕೆ ಅವಕಾಶವಿರುವುದಿಲ್ಲ." ಮೂರರಲ್ಲೂ ಅದೇ ಸಾಲು. ಮೂರರಲ್ಲೂ ಪತ್ರವ್ಯವಹಾರ ಎಂಬ ಪದದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಇಲ್ಲಿ ನಾನೇ ತಿದ್ದಿದ್ದೇನೆ. ಒಂದೇ ತಪ್ಪು ಮೂರು ಕಡೆ ಕಂಡರೆ ಅದಕ್ಕೆ ಏನೆನ್ನಬೇಕೆಂಬುದನ್ನು ತಮ್ಮಿಂದಲೇ ಕಲಿತಿದ್ದೇವೆ.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಅಂದು ವಿಚಾರಣೆಯ ಕೊನೆಗೆ ನಡೆದದ್ದನ್ನು ಮರೆಯಲು ಆಗುತ್ತಿಲ್ಲ. ತಪ್ಪೊಪ್ಪಿಕೊಂಡವರಿಗೆ ಮಾತ್ರ ಏಪ್ರಿಲ್ ಏಳರಂದು ಮರುಪರೀಕ್ಷೆ ಎಂದು ಅಧಿಕಾರಿ ಸಾರಿದರು. ಮಕ್ಕಳಿಗೆ ತಪ್ಪೊಪ್ಪಿಗೆ ಬರೆಯಲು ಬರುವುದಿಲ್ಲವಲ್ಲ, ಅವರೇ ಬೋರ್ಡಿನ ಮೇಲೆ ಬರೆದರು: "ನಾನು ಪರೀಕ್ಷೆಯಲ್ಲಿ ನಕಲು ಮಾಡಿರುತ್ತೇನೆ. ಇದು ನನ್ನ ತಪ್ಪಾಗಿರುತ್ತದೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ." ಬರೆದು, "ಎಲ್ಲರೂ ಇದನ್ನು ನೋಡಿ, ಒಂದಕ್ಷರ ತಪ್ಪದೆ ಬರೆಯಿರಿ" ಎಂದರು. ಮಾನ್ಯರೇ, ಆ ಶಾಲೆಯಲ್ಲಿ ಸಾಮೂಹಿಕ ನಕಲು ನಡೆದದ್ದು ಆಗ. ತಮ್ಮ ಅಧಿಕಾರಿಯ ಸಮ್ಮುಖದಲ್ಲಿ, ಅವರ ಆದೇಶದ ಮೇರೆಗೆ, ಹಾಡುಹಗಲಲ್ಲಿ. ಮೂವತ್ತು ಮಕ್ಕಳು ತಲೆ ತಗ್ಗಿಸಿ ನಕಲು ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಅದಕ್ಕೆ ನನಗೆ ನಾಚಿಕೆಯಾಗಿದೆ.

ಮೂವತ್ತೊಂದನೆಯವಳು ಸುಜಾತಾ. ಅವಳ ಹಾಳೆಯಲ್ಲಿ ಇದ್ದದ್ದು ಎರಡೇ ಸಾಲು: "ನಾನು ಯಾರದನ್ನೂ ನೋಡಿ ಬರೆದಿಲ್ಲ. ಇದನ್ನೂ ನೋಡಿ ಬರೆಯುವುದಿಲ್ಲ." ತಮ್ಮ ಅಧಿಕಾರಿ ಅದನ್ನು ಉದ್ಧಟತನ ಎಂದು ನಮೂದಿಸಿಕೊಂಡು ಹೋದರು.

ಈ ಉದ್ಧಟತನದ ಬೆಲೆ ತಮಗೆ ತಿಳಿದಿರಲಿ. ನಮ್ಮೂರಿನ ಶಾಲೆ ಎಂಟನೆಯದಕ್ಕೆ ಮುಗಿಯುತ್ತದೆ. ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ವಸತಿ ಶಾಲೆಯಲ್ಲಿ ಒಂಬತ್ತನೆಯದಕ್ಕೆ ಸೀಟು. ಇಲ್ಲವಾದರೆ ದಿನಾ ಕೊಟ್ಟೂರಿಗೆ ಹೋಗಿಬರಬೇಕು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡನಿಲ್ಲದ ಜಂಬಕ್ಕ ಮಗಳನ್ನು ಹಾಗೆ ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದಾಳೆ. ಹುಡುಗಿಗೆ ಉಳಿಯುವುದು ನನ್ನ ಅಂಗಡಿಯ ಮೊರ. ಜೂನಿನಿಂದ ತಾಯಿಯ ಪಕ್ಕದಲ್ಲಿ ಕುಳಿತು ಕಾಳು ಕೇರುವುದು.

ಹೋದ ವಾರ ಜಂಬಕ್ಕ ಮಗಳನ್ನು ನನ್ನ ಮುಂದೆ ತಂದು ನಿಲ್ಲಿಸಿದಳು. "ಸಾವ್ಕಾರ್ರ, ನೀವರ ಒಂದ್ ಮಾತು ಹೇಳ್ರಿ ಇಕಿಗಿ. ನಾಕ್ ಅಕ್ಷರ ಬರದ್ರ ಕೈ ಏನ್ ಸವದು ಹೊಕ್ಕಾವೇನು? ನಾ ಅಂತೂ ಈ ಧೂಳಾಗ ಕೆಮ್ಮಿ ಕೆಮ್ಮಿ ಹೋಗಾಕಿ. ಇಕಿನೂ ಹಿಂಗಾ ಆಗಬೇಕೇನ್ರಿ?" ನಾನು ಹೇಳಿದೆ. ಹೌದು, ಮಾನ್ಯರೇ, ನಾನೇ ಹೇಳಿದೆ. "ಬರದು ಕೊಟ್ಟುಬಿಡವ್ವ ಸುಜಾತಾ. ಸೀಟು ಸಿಕ್ಕಮ್ಯಾಲೆ ಇದನ್ನ ಯಾರ್ ನೆನಸ್ತಾರ?"

ಹುಡುಗಿ ಕೇಳಿದಳು: "ನಾ ಕಾಪಿ ಹೊಡದೀನಿ ಅಂತ ಬರದ್ರ, ಮೇಷ್ಟ್ರು ಹೇಳಿಕೊಟ್ಟಾರ ಅಂತ ಆಗತೈತಲ್ರಿ ಸಾವ್ಕಾರ್ರ? ಅವರ ನೌಕರಿ ಹೋಗಂಗಿಲ್ಲೇನ್ರಿ?"

ನನಗೆ ಅದು ಹೊಳೆದಿರಲೇ ಇಲ್ಲ. ಐವತ್ತೆರಡು ವರ್ಷದವನಿಗೆ, ಊರಿನಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವವನಿಗೆ ಹೊಳೆದಿರಲಿಲ್ಲ. ಮೂವತ್ತು ಮಕ್ಕಳ ಆ ಹಾಳೆಗಳೇ ಈಗ ಚೌಡಣ್ಣ ಮೇಷ್ಟ್ರ ವಿರುದ್ಧದ ಸಾಕ್ಷಿ. ಮಕ್ಕಳಿಗೆ ಆಸೆ ತೋರಿಸಿ ಅವರ ಮೇಷ್ಟ್ರನ್ನು ಅವರ ಕೈಯಲ್ಲೇ ಹಿಡಿಸುವ ಈ ಉಪಾಯ ತಮ್ಮದೋ, ತಮ್ಮ ಅಧಿಕಾರಿಯದೋ ತಿಳಿಯದು. ಯಾರದಾದರೂ ಅಸಹ್ಯವೇ. ಜಂಬಕ್ಕ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಮೊರ ಕೈಗೆತ್ತಿಕೊಂಡಳು. ಆಮೇಲೆ ಆ ಮಾತನ್ನು ಅವಳೂ ಎತ್ತಿಲ್ಲ.

ಮೊನ್ನೆ ಸೋಮವಾರ ಶಾಲೆಗೆ ಹೋಗಿದ್ದೆ. ಚೌಡಣ್ಣ ಮೇಷ್ಟ್ರು ಪಾಠ ಮುಗಿಸಿ ಪ್ರಶ್ನೆ ಕೇಳುತ್ತಿದ್ದರು. ಜೇಡಕ್ಕೆ ಎಷ್ಟು ಕಾಲು ಎಂದರು. ಮೊದಲ ಹುಡುಗ ಎದ್ದು ಎಂಟು ಎಂದ. ಎರಡನೆಯವಳು ಎದ್ದು ಆರು ಎಂದಳು. ಮೂರನೆಯವನು ಹತ್ತು ಎಂದ. ಮೇಷ್ಟ್ರು ಬೆರಗಾಗಿ, "ಯಾಕಲೇ, ಮೊನ್ನಿತನಕ ಎಲ್ಲಾರ್ಗೂ ಗೊತ್ತಿತ್ತಲ್ಲ?" ಎಂದು ಕೇಳಿದರು. ಆರು ಎಂದ ಹುಡುಗಿ ತಲೆ ತಗ್ಗಿಸಿ ಹೇಳಿದಳು: "ಎಂಟು ಅವಾ ಹೇಳಿಬಿಟ್ಟಾನ್ರಿ ಸರ್. ನಾನೂ ಅದನ್ನ ಹೇಳಿದ್ರ ಕಾಪಿ ಅಂತಾರ್ರಿ." ಚೌಡಣ್ಣ ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತರು. ಮಕ್ಕಳ ಸಾಮಾನ್ಯ ವಿಜ್ಞಾನದ ಮಟ್ಟ ಅಳೆಯುತ್ತೇವೆಂದು ಬಂದವರು ಎರಡು ತಿಂಗಳಲ್ಲಿ ಇಲ್ಲಿಗೆ ತಂದು ಮುಟ್ಟಿಸಿದ್ದೀರಿ.

ಆದ್ದರಿಂದ ನಾನು ವಿನಂತಿಸುತ್ತಿಲ್ಲ, ಕೇಳುತ್ತಿದ್ದೇನೆ. ಹದಿನೇಳನೇ ಪ್ರಶ್ನೆಯನ್ನು ಕೈಬಿಡಿ, ತಡೆಹಿಡಿದ ಫಲಿತಾಂಶವನ್ನು ಏಪ್ರಿಲ್ ಏಳಕ್ಕೆ ಮೊದಲು ಪ್ರಕಟಿಸಿ. ಸುಜಾತಾಳಿಗೆ ಸಲ್ಲಬೇಕಾದ ಸೀಟು ಅವಳಿಗೆ ಕೊಡಿ. ಚೌಡಣ್ಣ ಮೇಷ್ಟ್ರ ನೋಟೀಸನ್ನು ಹಿಂತೆಗೆದುಕೊಳ್ಳಿ. ಮೂವತ್ತು ತಪ್ಪೊಪ್ಪಿಗೆಗಳನ್ನು ಅಂಚೆಯಲ್ಲಿ ಕಳಿಸಬೇಡಿ. ತಾವೇ ಹಿಡಿದುಕೊಂಡು ಬನ್ನಿ, ಅವು ಸುಳ್ಳೆಂದು ಮಕ್ಕಳ ಎದುರು ಹೇಳಿ, ಹರಿದು ಹಾಕಿ. ಆಮೇಲೆ ಜೇಡಕ್ಕೆ ಎಷ್ಟು ಕಾಲು ಎಂದು ತಾವೇ ಕೇಳಿ. ಮೂವತ್ತೆರಡೂ ಮಕ್ಕಳು ಒಟ್ಟಿಗೆ, ಒಬ್ಬರ ಮುಖ ಒಬ್ಬರು ನೋಡದೆ, ಎಂಟು ಎಂದು ಕೂಗುವವರೆಗೆ ಊರು ಬಿಟ್ಟು ಹೋಗಬೇಡಿ.

ಇಂತಿ,
ಸುಳ್ಳು ಬರೆದುಕೊಡೆಂದು ಒಂದು ಮಗುವಿಗೆ ಬುದ್ಧಿ ಹೇಳಲು ಹೋಗಿ ಪಾಠ ಕಲಿತು ಬಂದ
ಗುರುಬಸವರಾಜ
ಕಾಳುಕಡಿ ವ್ಯಾಪಾರಿ