ಡಾಕ್ಟರಮ್ಮನಿಗೆ ಇದ್ದದ್ದು ಬರೆಯಿರಿ

ರೀ,

ಬೀದಿಯ ನೆರೆನೀರು ಇನ್ನೂ ಇಳಿದಿಲ್ಲ. ಪಕ್ಕದ ಮನೆ ಸೊಸೆಗೆ ಹೆರಿಗೆ ನೋವು ಬಂದಿದೆ, ತಾರಸಿ ದಾಟಿ ಅಲ್ಲಿಗೆ ಹೊರಟೆ. ಫೋನು ನಿಮ್ಮ ದಿಂಬಿನ ಹತ್ತಿರವಿದೆ. ಚಾರ್ಜ್ ಸ್ವಲ್ಪವೇ ಇದೆ, ಸುದ್ದಿ ನೋಡುತ್ತ ಕೂರಬೇಡಿ.

ಹತ್ತು ಗಂಟೆಗೆ ಡಾಕ್ಟರಮ್ಮ ಮತ್ತೆ ಮೆಸೇಜಿನಲ್ಲಿ ‘ಹೇಗಿದ್ದೀರಿ’ ಅಂತ ಕೇಳುತ್ತಾರೆ. ನಿನ್ನೆ ನೀವು ‘ದೇವರ ದಯೆಯಿಂದ ಚೆನ್ನಾಗಿದ್ದೇನೆ, ತಮ್ಮ ಊಟವಾಯಿತೇ’ ಅಂತ ಬರೆದಿರಿ. ಬೀಗರಿಗೆ ಬರೆದ ಹಾಗೆ! ಅವರು ಅದನ್ನೇ ನಂಬಿ ಆಸ್ಪತ್ರೆಯ ದೋಣಿಯನ್ನು ಬೇರೆಯವರ ಮನೆಗೆ ಕಳಿಸಿದರು.

ಇವತ್ತು ಕಾಲು ಊದಿದ್ದು, ಮಲಗಿದರೆ ಉಸಿರು ಕಟ್ಟುವುದು, ಮಾತ್ರೆ ಮುಗಿದದ್ದು, ಎಲ್ಲ ಬರೆಯಿರಿ. ಕಾಲಿನ ಫೋಟೋನೂ ಕಳಿಸಿ. ಸಂಕೋಚ ಬೇಡ.

ದೇವರಿಗೆ ನಾನು ಬೆಳಗ್ಗೆಯೇ ಹೇಳಿದ್ದೇನೆ. ಡಾಕ್ಟರಮ್ಮನಿಗೆ ನೀವೇ ಹೇಳಬೇಕು.